ಸಹಾಯ ಬೇಕು: ಹಳೇ ಪದ್ಮಿನಿಗೆ ಕಳ್ಳರ ಕಾಟ

ವಿರಾಜಪೇಟೆ ಹತ್ರ ತೋಟದ ಮನೇಲಿ ನಮ್ಮಪ್ಪನ 1982ರ ಪ್ರೀಮಿಯರ್ ಪದ್ಮಿನಿ ಕಾರ್ ಇದೆ, ಶೆಡ್ ಗೇಟ್ ಪಕ್ಕದಲ್ಲೇ, ಒಂದು ಕಡೆ ಪೂರ್ತಿ ಓಪನ್. ಹೋದ ವಾರ ಯಾರೋ ಮುಂದಿನ ಡೋರಿನ ತ್ರಿಕೋನ ಗ್ಲಾಸ್ ಇದ್ಯಲ್ಲ, ಅದರ ರಬ್ಬರ್ ಸಂದೀಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದಾರೆ, ಎರಡು ವೀಲ್ ಕ್ಯಾಪ್ ಮಾಯ, ಹೋಗ್ತಾ ಬಾನೆಟ್ ಮೇಲೆ ಉದ್ದಕ್ಕೆ ಗೀಚಿದಾರೆ. ಕದಿಯೋದು ಸರಿ, ಗೀಚೋದ್ಯಾಕೆ ಮಾರಾಯ್ರೆ?

ಈಗ ರಾತ್ರಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗ್ದು ರೋಟರ್ ಬಿಚ್ಚಿ ಮನೆಯೊಳಗೆ ಇಡ್ತೀನಿ, ಅದಿಲ್ದೆ ಪ್ಲಗ್ಗಿಗೆ ಕರೆಂಟೇ ಹೋಗಲ್ಲ, ವೈರ್ ಜೋಡ್ಸಿದ್ರೂ ಸೆಲ್ಫ್ ತಿರುಗುತ್ತೆ ಅಷ್ಟೇ. ಆದ್ರೆ ಎತ್ಕೊಂಡು ಪಿಕಪ್‌ಗೆ ಹಾಕಿದ್ರೆ? ಬ್ಯಾಟರಿ ಕಟಾಫ್ ಸ್ವಿಚ್ ಹಾಕ್ಸೋಣ ಅಂದ್ರೆ ಜಿಪಿಎಸ್ ಟ್ರ್ಯಾಕರ್‌ಗೂ ಪವರ್ ಬೇಕು, ಸ್ವಂತ ಬ್ಯಾಟರಿ ಇರೋದು ತಗೊಂಡ್ರೂ ಇದು ತಿಂಗಳುಗಟ್ಲೆ ನಿಲ್ಲೋ ಗಾಡಿ, ಮೇಲಾಗಿ ಮಳೆಗಾಲದಲ್ಲಿ ನಮ್ಕಡೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ. ಸ್ಟೀರಿಂಗ್ ಲಾಕ್ ಮೇಲೆ ನಂಗೆ ನಂಬಿಕೆ ಇಲ್ಲ, ಹಳೇ ಸ್ಟೀರಿಂಗ್ ತೆಳ್ಳಗಿರುತ್ತೆ, ಹ್ಯಾಕ್ಸಾ ಬ್ಲೇಡಲ್ಲಿ ಸ್ಟೀರಿಂಗನ್ನೇ ಕೊಯ್ದು ಲಾಕ್ ತೆಗೀಬಹುದು.

ನೆಲದ ಕಾಂಕ್ರೀಟಲ್ಲಿ ರಿಂಗ್ ಹಾಕಿ ವೀಲಿಗೆ ಚೈನ್ ಕಟ್ಟಿರೋರು ಇದೀರಾ? ಸೋಲಾರ್ ಕ್ಯಾಮೆರಾ ಜುಲೈ ಮಳೇಲಿ ಚಾರ್ಜ್ ಆಗುತ್ತಾ? ಕವರ್ ಯಾವ್ದು ಹಾಕ್ತೀರ, ಪ್ಲಾಸ್ಟಿಕ್ ಆದ್ರೆ ತೇವ ಕೂತು ತುಕ್ಕು ಗ್ಯಾರಂಟಿ.

ಇನ್ನೊಂದು, ಐದು ವರ್ಷ ದಾಟಿದ ಗಾಡಿಗೆ ಇನ್ಶೂರೆನ್ಸಲ್ಲಿ ಬೆಲೆ ಮಾತಾಡಿ ಒಪ್ಕೊಂಡು ಹಾಕ್ಬೇಕಲ್ಲ, ಏಜೆಂಟ್ ಹೇಳೋ ರೇಟಿಗೆ ನಗು ಬರುತ್ತೆ, ಯಾರಾದ್ರೂ ಸರಿಯಾದ ಬೆಲೆಗೆ ಮಾಡ್ಸಿದ್ರೆ ಏನೇನ್ ಪೇಪರ್ ಕೊಟ್ರಿ ಹೇಳಿ. ಮೈಸೂರಲ್ಲಿ ಆ ಗ್ಲಾಸ್ ರಬ್ಬರ್ ಎಲ್ಲಿ ಸಿಗುತ್ತೆ ಅಂತಾನೂ.