ಗಡಿಯಾರದಂಗಡಿಯಲ್ಲಿ ಗಾಳದ ರಾಟೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮ ನಮ್ಮ ಕರಾವಳಿಯಲ್ಲಿದೆ. ಆ 61 ದಿನ ಮೀನಿನ ಮಾತನ್ನೂ ಆಡಬಾರದೆಂದು ಎಲ್ಲಿಯೂ ಬರೆದಿಲ್ಲವಾದುದರಿಂದ, ಕುಂದಾಪುರದ ಶೇಟರ ಗಡಿಯಾರದಂಗಡಿಯಲ್ಲಿ ಮಳೆಗಾಲದ ಸಂಜೆ ಸೇರುವ ನಾವು ನಾಲ್ಕು ಮಂದಿ (ಬಾಬಣ್ಣ, ಸುರೇಶ, ಮಾಸ್ತರರು, ನಾನು) ಬಾಯಲ್ಲೇ ಹಿಡಿಯುವ ಮೀನು ಗಂಗೊಳ್ಳಿ ಬಂದರಿನ ಇಳುವರಿಗೆ ಏನೇನೂ ಕಡಿಮೆಯಾಗುವುದಿಲ್ಲ. ಪಂಚಗಂಗಾವಳಿಯ ನೀರು ಕೆಂಪಾಗಿ, ಗಾಳಕ್ಕೆ ಹಾಕಿದ ನಕಲಿ ಮೀನು ನಮ್ಮ ಕಣ್ಣಿಗೇ ಕಾಣದಿರುವಾಗ ನಿಜವಾದ ಮೀನಿಗೆ ಕಾಣಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಅಂಥ ಹೊತ್ತಿನಲ್ಲಿ ಸಲಕರಣೆ ಕೊಳ್ಳುವ ಆಲೋಚನೆ ಮಾಡುವುದೇ ಮೇಲು.

ನಾನು ಕೊಳ್ಳಬೇಕೆಂದಿದ್ದುದು ಒಂದು ಬೇಟ್‌ಕಾಸ್ಟಿಂಗ್ ರೀಲು, ಅಂದರೆ ಗಾಳದ ದಾರ ಸುತ್ತುವ ಒಂದು ಬಗೆಯ ರಾಟೆ. ಮನೆಯಲ್ಲಿ ಮಂಜೂರಾದ ಮೊತ್ತ 3,000 ರೂಪಾಯಿ. ದಾರದ ಖರ್ಚೂ ಅದರಲ್ಲಿಯೇ ಬರಬೇಕೆಂಬ ಷರತ್ತನ್ನು ನಾನು ಮಂಜೂರಾತಿಯ ಸಂಭ್ರಮದಲ್ಲಿ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

“ನಿಮ್ಮಲ್ಲಿ ಈಗಾಗಲೇ ಒಂದು ರಾಟೆ ಇದೆಯಲ್ಲ, ಅದಕ್ಕೇನಾಯಿತು?” ಎಂದು ಬಾಬಣ್ಣ ಕೇಳಿದ. ಬಾಬಣ್ಣ ಟ್ರಾಲ್ ಬೋಟಿನ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ. ರೀಲೆಂಬ ಪದವನ್ನು ಅವನು ಇದುವರೆಗೆ ಒಪ್ಪಿಕೊಂಡಿಲ್ಲ. ನನ್ನಲ್ಲಿರುವುದು ಸ್ಪಿನ್ನಿಂಗ್ ರೀಲು, ಅದರಲ್ಲಿ ದಾರ ಸುತ್ತಿದ ಉರುಳೆ ಅಲುಗದೆ ನಿಂತಿರುತ್ತದೆ, ದಾರ ಅದರ ಅಂಚಿನಿಂದ ತಾನಾಗಿ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಾದರೆ ಉರುಳೆಯೇ ತಿರುಗುತ್ತದೆ, ಅದರ ಮೇಲೆ ಹೆಬ್ಬೆರಳನ್ನು ಇಟ್ಟುಕೊಂಡಿದ್ದರೆ ಹಾರುತ್ತಿರುವ ನಕಲಿ ಮೀನನ್ನು ಬೇಕಾದ ಕಡೆ ನಿಲ್ಲಿಸಬಹುದು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನಿಂದ ಒಂದು ಗೇಣು ಈಚೆಗೆ ಇಳಿಸಬಹುದು ಎಂದು ನಾನು ವಿವರಿಸಿದೆ.

“ಹೆಬ್ಬೆರಳು ಇಟ್ಟಿರದಿದ್ದರೆ?”

ಉತ್ತರವನ್ನು ಸುರೇಶ ಕೊಟ್ಟ. ಮಾತಿನಿಂದಲ್ಲ, ಚೀಲದಿಂದ. ಕಳೆದ ವರ್ಷ 1,800 ರೂಪಾಯಿಗೆ ತರಿಸಿ ಎರಡೇ ಸಲ ಬಳಸಿ ಅಟ್ಟಕ್ಕೇರಿಸಿದ್ದ ತನ್ನ ರೀಲನ್ನು ಅವನು ಶೇಟರ ಗಾಜಿನ ಮೇಜಿನ ಮೇಲಿಟ್ಟಾಗ ಅದರ ಮೇಲೊಂದು ಗೀಜಗನ ಗೂಡು ಕುಳಿತಿತ್ತು; ಹತ್ತಿರದಿಂದ ನೋಡಿದರೆ ಗೂಡು ತಂಗೂಸಿನದು, ಅಂದರೆ ಗಾಳದ ನೈಲಾನ್ ದಾರದ್ದು. ನಕಲಿ ಮೀನು ಗಾಳಿಯಲ್ಲಿ ನಿಧಾನವಾಯಿತು, ಉರುಳೆ ನಿಧಾನವಾಗಲಿಲ್ಲ, ಹೊರಗೆ ಹೋಗಲು ದಾರಿಯಿಲ್ಲದ ದಾರ ಒಳಗೇ ಸಂಸಾರ ಹೂಡಿತು. ಬಲ್ಲವರು ಇದನ್ನು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಸುರೇಶ ಅದನ್ನು ಆ ದಿನ ಏನೆಂದನೆಂಬುದನ್ನು ಮಾಸ್ತರರ ಎದುರು ಹೇಳಲು ಒಪ್ಪಲಿಲ್ಲ.

“ಆದರೂ ವಸ್ತು ಒಳ್ಳೆಯದು, ಪೆಟ್ಟಿಗೆಯ ಮೇಲೆ 18 ಜೊತೆಗೆ 1 ಬೇರಿಂಗ್ ಎಂದು ಬರೆದಿದೆ. ದೊಡ್ಡ ಕಂಪನಿಗಳವರು ನಾಲ್ಕೈದು ಹಾಕಿ ಎರಡರಷ್ಟು ದುಡ್ಡು ಕೇಳುತ್ತಾರೆ” ಎಂದು ಸುರೇಶ ತನ್ನ ಹೂಡಿಕೆಯನ್ನು ಸಮರ್ಥಿಸಿಕೊಂಡ.

ಶೇಟರು ಮಾತು ಕಡಿಮೆ ಆಡುವವರು. ಎಡಗಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಯಾರದೋ ಕೈಗಡಿಯಾರವನ್ನು ಪಕ್ಕಕ್ಕೆ ಸರಿಸಿ, ಅಪ್ಪಣೆ ಕೇಳದೆ ರೀಲನ್ನು ಬಿಚ್ಚತೊಡಗಿದರು. ಮೊದಲು ಪಕ್ಕದ ಮುಚ್ಚಳ ಬಂತು, ಆಮೇಲೆ ಉರುಳೆ, ಆಮೇಲೆ ಹಿಡಿಕೆ, ಮೀನು ಜಗ್ಗಿದಾಗ ದಾರ ಬಿಡುವ ಬಿಗಿಯನ್ನು ಹೊಂದಿಸುವ ನಕ್ಷತ್ರದಾಕಾರದ ಡ್ರ್ಯಾಗ್ ಚಕ್ರ, ಹಿತ್ತಾಳೆಯ ದೊಡ್ಡ ಹಲ್ಲುಚಕ್ರ. ಪ್ರತಿ ಭಾಗವನ್ನೂ ಬಿಳಿಯ ಕಾಗದದ ಮೇಲೆ ಸಾಲಾಗಿ ಇಡುತ್ತ ಹೋದರು. ಎಣಿಕೆಯನ್ನು ಮಾಸ್ತರರು ವಹಿಸಿಕೊಂಡರು: ಉರುಳೆಯ ಎರಡು ತುದಿಗೆ ಎರಡು, ಸಣ್ಣ ಹಲ್ಲುಚಕ್ರಕ್ಕೆ ಒಂದು, ದೊಡ್ಡ ಚಕ್ರದ ಅಚ್ಚಿಗೆ ಒಂದು, ಹಿಡಿಕೆಯ ಎರಡು ಗುಂಡಿಗಳಿಗೆ ಎರಡೆರಡರಂತೆ ನಾಲ್ಕು, ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರು ಒಂದು. ದಾರವನ್ನು ಅತ್ತಿತ್ತ ಸಮನಾಗಿ ಹರಡುವ ತಿರುಪಿನ ತುದಿಗಳಲ್ಲಿ ಇದ್ದವು ಬರಿಯ ಪ್ಲಾಸ್ಟಿಕ್ ಬಿಲ್ಲೆಗಳು.

“ಒಟ್ಟು ಒಂಬತ್ತಾಯಿತು. ಉಳಿದ ಹತ್ತು ಎಲ್ಲಿವೆ?” ಎಂದು ಸುರೇಶ ಗಾಬರಿಯಾದ.

“ಪೆಟ್ಟಿಗೆಯ ಮೇಲಿವೆ” ಎಂದರು ಶೇಟರು.

ಸಿಕ್ಕಿದ ಒಂಬತ್ತರಲ್ಲಿ ನಾಲ್ಕು ಹಿಡಿಕೆಯ ಗುಂಡಿಗಳೊಳಗೆ ಕುಳಿತು, ಮೀನಿಗೂ ನಮಗೂ ನಯಾಪೈಸೆಯ ಉಪಕಾರವಿಲ್ಲದೆ ಸಂಬಳ ಎಣಿಸುತ್ತಿದ್ದವು. ಒಂಬತ್ತರಲ್ಲಿ ಎಸೆತದ ದೂರಕ್ಕೆ ಮುಖ್ಯವಾದವು ಉರುಳೆಯ ಎರಡು ತುದಿಯ ಎರಡು ಬೇರಿಂಗ್. ಶೇಟರು ಅವನ್ನು ಚಿಮುಟದಿಂದ ಹಿಡಿದು ಕಿವಿಯ ಬಳಿ ತಂದು ತಿರುಗಿಸಿದರು. ಒಂದು ಸದ್ದಿಲ್ಲದೆ ತಿರುಗಿತು. ಇನ್ನೊಂದು ಮರಳು ಅಗಿದಂತೆ ಕರಕರ ಎಂದಿತು. ಉಪ್ಪುನೀರಿನಿಂದ ಬಂದ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒಣಗಿಸಿದ್ದೀರಾ ಎಂದು ಅವರು ಕೇಳಿದಾಗ, ಕಾರು ತೊಳೆಯುವ ಪೈಪಿನ ರಭಸದ ನೀರಿನಲ್ಲಿ ತೊಳೆದಿದ್ದೇನೆ ಎಂದು ಸುರೇಶ ಹೆಮ್ಮೆಯಿಂದ ಹೇಳಿದ. ಶೇಟರು ಕಣ್ಣಿನ ಗಾಜನ್ನು ತೆಗೆದು ಅವನನ್ನೊಮ್ಮೆ ಬರಿಗಣ್ಣಿನಿಂದ ನೋಡಿದರು. ಅಂಥ ನೀರು ಉಪ್ಪನ್ನು ಹೊರಗೆ ತೆಗೆಯುವುದಿಲ್ಲವಂತೆ, ಒಳಕ್ಕೆ ನೂಕಿ ಬಾಗಿಲು ಹಾಕುತ್ತದಂತೆ.

ಮುಚ್ಚಳದ ಒಳಬದಿಯಲ್ಲಿ ಗುಳಿಗೆಯಂಥ ಸಣ್ಣ ಅಯಸ್ಕಾಂತಗಳ ಒಂದು ಬಳೆಯಿತ್ತು; ಉರುಳೆಯ ಓಟಕ್ಕೆ ಅದೇ ಬ್ರೇಕು. ಹೊರಗಿನ ಅಂಕಿಗಳ ಗುಂಡಿಯನ್ನು 0ಯಿಂದ 10ರ ಕಡೆಗೆ ತಿರುಗಿಸಿದಂತೆ ಅದು ಉರುಳೆಯ ಸಮೀಪಕ್ಕೆ ಬರುತ್ತಿತ್ತು. ಬಾಬಣ್ಣ ಒಂದು ಅಯಸ್ಕಾಂತವನ್ನು ಉರುಳೆಗೆ ತಾಗಿಸಿ ನೋಡಿದ, ಅದು ಅಂಟಲಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಟದ ಅಯಸ್ಕಾಂತ ಅದನ್ನು ತಡೆದು ನಿಲ್ಲಿಸುವುದು ಹೇಗೆಂದು ಅವನು ಕೇಳಿದ್ದೇ ತಡ, 31 ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರರು ಕೊಡೆಯನ್ನು ಬೆತ್ತದಂತೆ ಹಿಡಿದು ಎದ್ದು ನಿಂತರು.

“ನಿಮ್ಮ ಮನೆಯ ಹಳೆಯ ಕರೆಂಟ್ ಮೀಟರಿನಲ್ಲಿ ತಿರುಗುತ್ತಿದ್ದ ತಟ್ಟೆ ನೆನಪಿದೆಯೇ? ಅದೂ ಅಲ್ಯೂಮಿನಿಯಮ್ಮಿನದು, ಅದಕ್ಕೂ ಒಂದು ಅಯಸ್ಕಾಂತವೇ ಕಡಿವಾಣ. ಲೋಹ ಅಯಸ್ಕಾಂತದೆದುರು ಓಡಿದಾಗ ಅದರೊಳಗೆ ವಿದ್ಯುತ್ತಿನ ಸುಳಿಗಳು ಹುಟ್ಟುತ್ತವೆ, ಆ ಸುಳಿಗಳು ಓಟವನ್ನೇ ವಿರೋಧಿಸುತ್ತವೆ. ಓಟ ಹೆಚ್ಚಿದಷ್ಟೂ ವಿರೋಧ ಹೆಚ್ಚು, ನಿಂತರೆ ವಿರೋಧವೇ ಇಲ್ಲ.”

“ವಿರೋಧ ಇದ್ದದ್ದೇ ನಿಜವಾದರೆ ನಮ್ಮ ಮನೆಯ ಮೀಟರು ಅಷ್ಟು ಜೋರಾಗಿ ಏಕೆ ಓಡುತ್ತಿತ್ತು?” ಎಂದು ಬಾಬಣ್ಣ ಕೇಳಿದ. ಮಾಸ್ತರರು ಕುಳಿತುಕೊಂಡರು.

ಇನ್ನೊಂದು ಬಗೆಯ ಬ್ರೇಕು ಕೇಂದ್ರಾಪಗಾಮಿಯದು; ಜಾತ್ರೆಯ ಮೆರ್ರಿ-ಗೋ-ರೌಂಡ್ ವೇಗವಾಗಿ ಸುತ್ತಿದಾಗ ಕುಳಿತವರು ಹೊರಕ್ಕೆ ವಾಲುವಂತೆ, ಉರುಳೆಗೆ ಸಿಕ್ಕಿಸಿದ ಸಣ್ಣ ಗುಬಟೆಗಳು ಹೊರಕ್ಕೆ ಸರಿದು ಸುತ್ತಣ ಬಳೆಗೆ ಉಜ್ಜುತ್ತವೆ. ಅದನ್ನು ಹೊಂದಿಸಲು ಅನೇಕ ರೀಲುಗಳಲ್ಲಿ ಪ್ರತಿ ಸಲ ಮುಚ್ಚಳ ತೆಗೆಯಬೇಕು. ದೋಣಿಯಲ್ಲಿ ಮುಚ್ಚಳ ತೆಗೆದರೆ ಅದು ಮೊದಲು ಬೀಳುವುದು ನೀರಿಗೇ ಎಂಬ ಕಾರಣಕ್ಕೆ, ಹೊರಗಿನಿಂದ ತಿರುಗಿಸುವ ಅಯಸ್ಕಾಂತದ ಬ್ರೇಕೇ ನನ್ನಂಥ ಹೊಸಬನಿಗೆ ವಾಸಿ ಎಂದು ಎಲ್ಲರೂ ಒಪ್ಪಿದರು. ಬ್ರೇಕಿನ ಲೆಕ್ಕವನ್ನು ತಾನೇ ಹಾಕಿಕೊಳ್ಳುವ ಕಂಪ್ಯೂಟರುಳ್ಳ ಶಿಮಾನೋ ಕಂಪನಿಯ ಡಿಸಿ ರೀಲುಗಳೂ ಇವೆ, ಬ್ಯಾಟರಿ ಬೇಡ, ತಿರುಗುವ ಉರುಳೆಯೇ ಅದಕ್ಕೆ ವಿದ್ಯುತ್ ಒದಗಿಸುತ್ತದೆ ಎಂದು ಸುರೇಶ ಆಸೆ ಹುಟ್ಟಿಸಿದ. ಬೆಲೆ ಕೇಳಿದ ಮೇಲೆ ಆ ಪ್ರಸ್ತಾಪ ಮುಂದುವರಿಯಲಿಲ್ಲ.

ಅಷ್ಟರಲ್ಲಿ ಗೋಳಿಬಜೆ ಬಂತು. ಎಣ್ಣೆಗೈಯಲ್ಲಿ ಯಾರೂ ಬೇರಿಂಗ್ ಮುಟ್ಟಬಾರದೆಂದು ಶೇಟರು ತಾಕೀತು ಮಾಡಿ, ಅಪರೂಪಕ್ಕೆ ತಾವಾಗಿ ಮಾತಿಗಿಳಿದರು. “ಇದು ನಿಮ್ಮ ಕಸುಬಲ್ಲ, ನಮ್ಮ ಕಸುಬು. ಎರಡು ನೂರು ವರ್ಷದ ಹಿಂದೆ ಅಮೆರಿಕದ ಕೆಂಟಕಿಯಲ್ಲಿ ಇಂಥ ರೀಲನ್ನು ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರದವನು. ರೀಲು ಮಾಡುವ ಸ್ವೀಡನ್ನಿನ ಅಬು ಕಂಪನಿಯ ಹೆಸರಿನ ಅರ್ಥವೇ ಗಡಿಯಾರದ ಕಾರ್ಖಾನೆ. 1921ರಲ್ಲಿ ಶುರುವಾದಾಗ ಅವರು ಮಾಡುತ್ತಿದ್ದುದು ಜೇಬುಗಡಿಯಾರ, ಟ್ಯಾಕ್ಸಿ ಮೀಟರು. ಆಮೇಲೆ ಬಂದದ್ದು ಅಂಬಾಸಡರ್.”

“ಅಂಬಾಸಡರ್ ಕಲ್ಕತ್ತದ ಕಾರಲ್ಲವೇ?” ಎಂದ ಬಾಬಣ್ಣ. ಇದು ರೀಲು, ಅದು ಕಾರು, ಎರಡೂ 1950ರ ದಶಕದವು, ಎರಡನ್ನೂ ಬಿಚ್ಚಿ ಜೋಡಿಸಿದರೆ ಮತ್ತೆ ಓಡುತ್ತವೆ ಎಂದು ಶೇಟರು ಗೌರವದಿಂದ ನುಡಿದರು. ಅದೇ 1921ರಲ್ಲಿ ಜಪಾನಿನ ಸಕಾಯ್ ಊರಿನಲ್ಲಿ ಸೈಕಲ್ಲಿನ ಫ್ರೀವೀಲ್ ಮಾಡಲು ಹುಟ್ಟಿದ್ದು ಶಿಮಾನೋ ಎಂದು ಸುರೇಶ ಸೇರಿಸಿದಾಗ, ಸೈಕಲ್ ಅಂಗಡಿಯವರು ಇಲ್ಲಿ ಯಾರೂ ಇಲ್ಲ ಎಂದು ಶೇಟರು ಆ ಸುದ್ದಿಯನ್ನು ಮುಗಿಸಿಬಿಟ್ಟರು.

ಮುಂದಿನ ಚರ್ಚೆ ಹಲ್ಲುಚಕ್ರದ ಅನುಪಾತದ್ದು. 6.3:1 ಎಂದರೆ ಹಿಡಿಕೆ ಒಂದು ಸುತ್ತು ಬಂದಾಗ ಉರುಳೆ 6.3 ಸುತ್ತು ಬರುತ್ತದೆ. ದಾರ ತುಂಬಿದ ಉರುಳೆಯ ಅಡ್ಡಗಲ 33 ಮಿಲಿಮೀಟರ್ ಎಂದಿಟ್ಟುಕೊಂಡು ಮಾಸ್ತರರು ಗೋಳಿಬಜೆಯ ಕಾಗದದ ಮೇಲೆ ಗುಣಿಸಿ, ಒಂದು ಸುತ್ತಿಗೆ ಸುಮಾರು 65 ಸೆಂಟಿಮೀಟರ್ ದಾರ ಒಳಗೆ ಬರುತ್ತದೆಂದೂ, 8.1:1 ಆದರೆ 84 ಸೆಂಟಿಮೀಟರ್ ಎಂದೂ ಘೋಷಿಸಿದರು. ಕೆರೆಯಲ್ಲಿ ಕೊರವ ಮೀನಿಗೆ ರಬ್ಬರಿನ ಕಪ್ಪೆ ಎಸೆಯುವವರಿಗೆ ಸಡಿಲ ದಾರವನ್ನು ಬೇಗ ಎಳೆದುಕೊಳ್ಳಬೇಕಾದುದರಿಂದ ಹೆಚ್ಚಿನ ಅನುಪಾತ ಒಳ್ಳೆಯದು. ಆಳಕ್ಕೆ ಮುಳುಗುವ, ಎಳೆದರೆ ಕೈ ಜಗ್ಗುವ ನಕಲಿ ಮೀನಿಗೆ ಕಡಿಮೆಯದೇ ಸುಖ. ನನಗೆ ಎರಡೂ ಬೇಕಾಗಿದ್ದು ದುಡ್ಡು ಒಂದಕ್ಕೇ ಇದ್ದುದರಿಂದ ಏಳರ ಆಸುಪಾಸಿಗೆ ರಾಜಿಯಾಯಿತು.

ಡ್ರ್ಯಾಗಿನ ವಿಷಯಕ್ಕೆ ಬಂದಾಗ ಜಗಳವೇ ಆಗುವುದರಲ್ಲಿತ್ತು. ದಾರದ ಶಕ್ತಿಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಿಗಿ ಇಡಬಾರದು, 12 ಪೌಂಡಿನ ತಂಗೂಸಿಗೆ 2 ಕಿಲೋ ಬಿಗಿಯೂ ಹೆಚ್ಚಾಯಿತು, ಆದ್ದರಿಂದ ಪೆಟ್ಟಿಗೆಯ ಮೇಲಿನ 8 ಕಿಲೋ ಬರಿಯ ಬಡಾಯಿ ಎಂಬುದು ಮಾಸ್ತರರ ವಾದ.

“ನಿಮ್ಮ ಲೆಕ್ಕ ಕೆಂಬೇರಿ ಮೀನಿಗೆ ಗೊತ್ತಿದೆಯೇ?” ಎಂದು ಬಾಬಣ್ಣ ಮೊದಲ ಸಲ ಗಂಭೀರನಾದ. “ಅದು ಕಚ್ಚಿದ ಮರುಕ್ಷಣ ಕಾಂಡ್ಲಾ ಬೇರಿನೊಳಗೆ ನುಗ್ಗುತ್ತದೆ. ಎರಡು ಕಿಲೋ ಬಿಗಿಯಲ್ಲಿ ನೀವು ಗುಣಾಕಾರ ಮುಗಿಸುವುದರೊಳಗೆ ಅದು ಮನೆ ಸೇರಿ ಊಟಕ್ಕೆ ಕುಳಿತಿರುತ್ತದೆ.”

ಈ ಮಾತಿಗೆ ಎದುರು ಹೇಳಲಾಗಲಿಲ್ಲ. 40 ಪೌಂಡಿನ ಹೆಣೆದ ದಾರ ಹಾಕಿದರೆ ಮೂರರಲ್ಲಿ ಒಂದು ಪಾಲೇ 6 ಕಿಲೋ ಆಗುತ್ತದೆ, ಆಗ 8 ಕಿಲೋದ ಡ್ರ್ಯಾಗಿಗೂ ಕೆಲಸವಿದೆ ಎಂದು ಮಾಸ್ತರರು ತಮ್ಮ ಸೋಲನ್ನೂ ಭಾಗಾಕಾರ ಮಾಡಿಯೇ ಒಪ್ಪಿಕೊಂಡರು. ಹೆಣೆದ ದಾರ ನುಣುಪಾದ ಉರುಳೆಯ ಮೇಲೆ ಸುತ್ತುಸುತ್ತಾಗಿಯೇ ಜಾರುವುದರಿಂದ ಅದರ ಅಡಿಯಲ್ಲಿ ನಾಲ್ಕು ಸುತ್ತು ತಂಗೂಸು ಇರಬೇಕು. ಆದರೆ ಅದು ಎರಡನೆಯ ಹಂತ. ಮೊದಲ ತಿಂಗಳು ಗೂಡು ಕಟ್ಟುವುದು ಖಂಡಿತವಾಗಿರುವಾಗ ದುಬಾರಿ ದಾರದಲ್ಲಿ ಕಟ್ಟುವುದೇಕೆ? ಅಗ್ಗದ ತಂಗೂಸಿನಲ್ಲೇ ಕಟ್ಟಿ ಕತ್ತರಿಸಿ ಎಸೆಯಬಹುದು. ಹಗುರವಾದ ನಕಲಿ ಮೀನನ್ನೂ ಆ ಒಂದು ತಿಂಗಳು ಮರೆಯಬೇಕಂತೆ. ಅಗ್ಗದ ರೀಲಿನ ಭಾರದ ಉರುಳೆಯನ್ನು 5 ಗ್ರಾಮಿನ ನಕಲಿ ಮೀನು ಎಬ್ಬಿಸಲಾರದು, 12 ಗ್ರಾಮಿನದಾದರೆ ಕೈ ಕಲಿಯುತ್ತದೆ; ಹಗುರವಾದುದಕ್ಕೆ ನನ್ನ ಹಳೆಯ ಸ್ಪಿನ್ನಿಂಗ್ ರೀಲೇ ಇದೆ.

ಕೊನೆಗೆ ಉಳಿದದ್ದು ಎಡಗೈಯೋ ಬಲಗೈಯೋ ಎಂಬ ಪ್ರಶ್ನೆ. ಸ್ಪಿನ್ನಿಂಗ್ ರೀಲಿನ ಹಿಡಿಕೆಯನ್ನು ತೆಗೆದು ಆಚೆ ಬದಿಗೆ ಹಾಕಬಹುದು, ಇದರಲ್ಲಿ ಆಗದು, ಕೊಂಡಂತೆಯೇ ಬಾಳಬೇಕು. ಸುರೇಶ ರಿಯಾಯಿತಿಯಲ್ಲಿ ಸಿಕ್ಕಿತೆಂದು ಬಲಗೈಯದನ್ನು ತರಿಸಿದ್ದ. ಬಲಗೈಯಲ್ಲಿ ಎಸೆದು, ಕೋಲನ್ನು ಎಡಗೈಗೆ ದಾಟಿಸಿ, ಬಲಗೈಯಿಂದ ಸುತ್ತುವ ಈ ವರ್ಗಾವಣೆಯ ನಡುವೆಯೇ ಅವನ ಜೀವಮಾನದ ಏಕೈಕ ಬಾರಾಮುಂಡಿ ಮೀನು ಗಾಳ ಉಗುಳಿ ಹೋಗಿತ್ತು. ಎಡಗೈಯಲ್ಲಿ ಸುತ್ತಿ ರೂಢಿಯಾದ ನಾನು ಎಡಗೈಯದನ್ನೇ ನಿಶ್ಚಯಿಸಿದೆ.

ಶೇಟರು ಅಷ್ಟರಲ್ಲಿ ಸುರೇಶನ ರೀಲನ್ನು ಮತ್ತೆ ಜೋಡಿಸಿ, ಬೇರಿಂಗಿಗೆ ಗಡಿಯಾರದ ಎಣ್ಣೆಯ ಒಂದೊಂದೇ ತೊಟ್ಟು ಬಿಟ್ಟು, ಉರುಳೆಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ತೆಳುವಾದ ಕಾಗದವನ್ನು ತೂರಿಸಿ, ಇಲ್ಲಿ ಸಣ್ಣ ದಾರ ನುಸುಳಿ ಸಿಕ್ಕಿಕೊಳ್ಳುತ್ತದೆಂದು ತೋರಿಸಿದರು. ಮಳೆ ತುಸು ಬಿಟ್ಟಿತ್ತು. ಪರೀಕ್ಷೆ ಆಗಿಯೇ ಬಿಡಲಿ ಎಂದು ಸುರೇಶ ಅಟ್ಟದಿಂದ ತನ್ನ ಕೋಲನ್ನೂ ತಂದ. ದಾರದ ತುದಿಗೆ ಶೇಟರ ಒಂದು ಹಿತ್ತಾಳೆ ನಟ್ಟನ್ನು ಕಟ್ಟಿ, ಅದು ತನ್ನ ಭಾರಕ್ಕೆ ಮೆಲ್ಲಗೆ ಇಳಿದು ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವಷ್ಟು ಪಕ್ಕದ ಗುಂಡಿಯನ್ನು ಬಿಗಿಮಾಡಿದೆವು. ಅಂಗಳದುದ್ದಕ್ಕೆ ಬೇಕಾಗುವಷ್ಟು ದಾರವನ್ನು ಎಳೆದು, ಉರುಳೆಯ ಮೇಲೆ ಉಳಿದುದಕ್ಕೆ ಅಂಟುಪಟ್ಟಿ ಹಚ್ಚಿ, ಎಳೆದುದನ್ನು ಅದರ ಮೇಲೆ ಮತ್ತೆ ಸುತ್ತಿದೆವು. ಗೂಡು ಕಟ್ಟಿದರೂ ಅದು ಪಟ್ಟಿಯಿಂದ ಕೆಳಗಿಳಿಯುವುದಿಲ್ಲ. ಬ್ರೇಕು 8ರಲ್ಲಿತ್ತು. ನಾನು ಎಸೆದೆ, ನಟ್ಟು ಸದ್ದಿಲ್ಲದೆ ಹತ್ತು ಮಾರು ಹೋಗಿ ತೆಂಗಿನ ಬುಡದಲ್ಲಿ ಇಳಿಯಿತು. ಮತ್ತೆ ಎಸೆದೆ, ಮತ್ತೆ ಅಲ್ಲಿಯೇ ಇಳಿಯಿತು. ಮೂರನೆಯ ಸಲ, ಇನ್ನು ಬ್ರೇಕು ಏಕೆಂದು ನನ್ನಷ್ಟಕ್ಕೆ ನಾನೇ 2ಕ್ಕೆ ಇಳಿಸಿ, ಎದುರುಗಾಳಿಯನ್ನು ಲೆಕ್ಕಿಸದೆ ಬೀಸಿದೆ.

“ಹೆಬ್ಬೆರಳು!” ಎಂದು ಮೂರು ಜನ ಒಟ್ಟಿಗೆ ಕೂಗಿದರು. ಹೆಬ್ಬೆರಳು ಆ ಹೊತ್ತಿನಲ್ಲಿ ಅಭಿನಂದನೆ ಸ್ವೀಕರಿಸಲು ಮೇಲೆದ್ದು ನಿಂತಿತ್ತು.

ಬಾಬಣ್ಣ ರೀಲನ್ನು ಕೈಗೆತ್ತಿಕೊಂಡು ನೋಡಿ, ಬೀಸುಬಲೆಯಲ್ಲಿಯೂ ಇಷ್ಟು ಕಣ್ಣುಗಳಿರುವುದಿಲ್ಲವೆಂದ. ಶೇಟರು ಗೂಡಿನ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿ ಹಿಡಿದು, ಹಿಡಿಕೆಯನ್ನು ಎರಡು ಸುತ್ತು ತಿರುಗಿಸಿ, ಬಿಟ್ಟು ಎಳೆದರು. ಅರ್ಧ ಗೂಡು ತಾನಾಗಿ ಬಿಚ್ಚಿಕೊಂಡಿತು. ಉಳಿದರ್ಧಕ್ಕೆ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೇರಿಸಿ, ಚಿಮುಟ ಹಿಡಿದು ಕುಳಿತರು. ನಾನು ಅವರ ಪಕ್ಕದಲ್ಲಿಯೇ ನಿಂತು ಐದು ಬೇರಿಂಗಿನ, ಹೊರಗಿನಿಂದ ತಿರುಗಿಸುವ ಅಯಸ್ಕಾಂತದ ಬ್ರೇಕಿನ, ಎಡಗೈಯ ಒಂದು ರೀಲನ್ನು 2,650 ರೂಪಾಯಿಗೆ ತರಿಸಲು ಫೋನಿನಲ್ಲಿ ಬೆರಳೊತ್ತಿ, ಉಳಿದ 350ರಲ್ಲಿ ಎಷ್ಟು ಗೂಡಿಗಾಗುವಷ್ಟು ತಂಗೂಸು ಬರುತ್ತದೆಂದು ಮಾಸ್ತರರಿಂದ ಲೆಕ್ಕ ಹಾಕಿಸುತ್ತಿದ್ದೆ.

ಆಗ ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಬಂದ ಒಬ್ಬ ಅಮ್ಮ ಸ್ವಲ್ಪ ಹೊತ್ತು ಮೇಜಿನ ಮೇಲಿದ್ದುದನ್ನು ನೋಡಿ, ನಮ್ಮೆಲ್ಲರ ಮುಖವನ್ನೂ ನೋಡಿ, “ಶೇಟ್ರೇ, ಇದು ತುಂಬ ಹಳೆಯ ಗಡಿಯಾರವೋ?” ಎಂದು ಕನಿಕರದಿಂದ ಕೇಳಿದರು.

“ಅಲ್ಲಮ್ಮ, ಹೊಸದೇ. ಕೀಲಿ ಕೊಟ್ಟವರು ಸರಿಯಿಲ್ಲ” ಎಂದರು ಶೇಟರು, ತಲೆಯೆತ್ತದೆ.