ಅಡುಗೆಮನೆ ನಲ್ಲೀಲಿ ಸೀಸ: ಟೆಸ್ಟ್‌ಗೆ ದುಡ್ಡು ಯಾರದು?

ಮನೆ 47, 3ನೇ ಕ್ರಾಸ್ (ಶನಿವಾರ, ಬೆಳಿಗ್ಗೆ 7.12)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ನಮ್ಮ ಮಗಳಿಗೆ ನಾಲ್ಕು ವರ್ಷ, ಗೋಡೆ ಕೆರೆದು ಬಾಯಿಗೆ ಹಾಕ್ಕೊಳ್ಳೋ ಚಾಳಿ. ಡಾಕ್ಟರು ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ ಅಂದ್ರು. ಡೆಸಿಲೀಟರಿಗೆ 7 ಮೈಕ್ರೋಗ್ರಾಂ ಬಂತು. 5 ದಾಟಿದ್ರೆ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಗೋಡೆ ಬಣ್ಣ, ಸಂತೇಲಿ ತಂದ ಬಿಡಿ ಅರಿಶಿನ, ಕಾಡಿಗೆ, ಎಲ್ಲಾ ಅನುಮಾನ ಪಟ್ಟಿಗೆ ಸೇರಿದವು. ಜೊತೆಗೆ ನಲ್ಲಿ ನೀರನ್ನೂ ಟೆಸ್ಟ್‌ಗೆ ಕೊಟ್ಟೆ. ರಾತ್ರಿಯೆಲ್ಲ ಪೈಪಲ್ಲಿ ನಿಂತು ಬೆಳಿಗ್ಗೆ ಮೊದಲು ಬಂದ ನೀರಲ್ಲಿ ಲೀಟರಿಗೆ 0.018 ಮಿ.ಗ್ರಾಂ. ಐದು ನಿಮಿಷ ಹರಿಸಿದ ಮೇಲೆ ಹಿಡಿದ ನೀರಲ್ಲಿ 0.003. ಕುಡಿಯೋ ನೀರಿನ ಐಎಸ್ 10500 ಮಾನದಂಡದಲ್ಲಿ ಮಿತಿ 0.01. ಬೇರೆ ಮೂಲ ಇಲ್ಲದಿದ್ರೆ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ ಅನ್ನೋ ಸಡಿಲಿಕೆ ಸೀಸಕ್ಕೆ ಅದರಲ್ಲಿ ಇಲ್ಲ.
ನಮ್ಮ ಮನೆ ಕಟ್ಟಿದ ವರ್ಷವೇ ಅದೇ ಮೇಸ್ತ್ರಿ, ಅದೇ ಪ್ಲಂಬರ್ ಕಟ್ಟಿದ ಮನೆಗಳು ಈ ಬಡಾವಣೇಲಿ ಕಡಿಮೆ ಇಲ್ಲ. ಅದಕ್ಕೇ ಹೇಳ್ತಿದೀನಿ.

ಮನೆ 112 (7.20)
ಅಯ್ಯೋ, ಮಗು ಹೇಗಿದೆ? ಇನ್ಮೇಲೆ ನೀರು ಚೆನ್ನಾಗಿ ಕುದಿಸಿ ಆರಿಸಿ ಕೊಡಿ.

ಮನೆ 23 (7.31)
ನಮ್ಮನೇಲಿ ಮೀಟರ್ ಹಾಕಿ ನೋಡಿದೆ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) 140. ಫಸ್ಟ್ ಕ್ಲಾಸ್ ನೀರು. ಸುಮ್ನೆ ಯಾರೂ ಗಾಬರಿ ಆಗ್ಬೇಡಿ.

ಮನೆ 88, ಕೆಮಿಸ್ಟ್ರಿ ಮೇಷ್ಟ್ರು, ನಿವೃತ್ತ (7.58)
ಇಬ್ಬರಿಗೂ ಸೇರಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 140 ಅಂದ್ರೆ ಲೀಟರಿಗೆ 140 ಮಿಲಿಗ್ರಾಂ ಲವಣ. ನಾವು ಹುಡುಕ್ತಿರೋದು ಒಂದು ಮಿಲಿಗ್ರಾಮಿನ ನೂರನೇ ಒಂದು ಪಾಲು. ಅಕ್ಕಿ ಮೂಟೆ ತೂಗೋ ತಕ್ಕಡೀಲಿ ಚಿನ್ನ ತೂಗಿದ ಹಾಗೆ, ಮುಳ್ಳು ಅಲ್ಲಾಡಲ್ಲ. ಇನ್ನು ಕುದಿಸಿದ್ರೆ ನೀರು ಆವಿಯಾಗಿ ಹೋಗುತ್ತೆ, ಸೀಸ ಪಾತ್ರೇಲೇ ಉಳಿಯುತ್ತೆ. ಅಂದ್ರೆ ಇನ್ನೂ ಗಟ್ಟಿ. ಬರೀ ಯುವಿ ಫಿಲ್ಟರಿಂದಲೂ ಉಪಯೋಗ ಇಲ್ಲ. ಆರ್‌ಓ ತೆಗೆಯುತ್ತೆ, ಆದ್ರೆ ಮೆಂಬ್ರೇನ್ ಕಾಲಕಾಲಕ್ಕೆ ಬದಲಾಯಿಸಿರಬೇಕು.
47ರವರೇ, ನಿಮ್ಮ ಎರಡು ಅಂಕೀಲೇ ಅರ್ಧ ಉತ್ತರ ಇದೆ. ನಿಂತ ನೀರಲ್ಲಿ ಹೆಚ್ಚು, ಹರಿದ ನೀರಲ್ಲಿ ಕಡಿಮೆ ಅಂದ್ರೆ ಸೀಸ ರಸ್ತೆ ಪೈಪಿಂದ ಬರ್ತಿರೋ ಸಾಧ್ಯತೆ ಕಡಿಮೆ. ನಲ್ಲಿ ಹತ್ತಿರದ ಪೈಪ್ ಇಲ್ಲಾ ಹಿತ್ತಾಳೆ ನಲ್ಲಿ ಮೇಲೇ ನನಗೆ ಅನುಮಾನ.

ಮನೆ 9 (8.15)
ಪಿವಿಸಿ ಪೈಪಲ್ಲಿ ಸೀಸ ಎಲ್ಲಿಂದ ಬರುತ್ತೆ ಸಾರ್? ಅದು ಪ್ಲಾಸ್ಟಿಕ್ ಅಲ್ವಾ?

ಮನೆ 88 (8.22)
ಪಿವಿಸಿ ಕಾಯಿಸಿ ಎಳೆಯುವಾಗ ಸುಟ್ಟು ಹೋಗದ ಹಾಗೆ ಸ್ಟೆಬಿಲೈಸರ್ ಸೇರಿಸ್ತಾರೆ. ನಮ್ಮ ದೇಶದಲ್ಲಿ ವರ್ಷಗಟ್ಟಲೆ ಸೀಸದ ಲವಣಾನೇ ಹಾಕ್ತಿದ್ರು, ಅಗ್ಗ ಅಂತ. ಅದನ್ನ ನಿಲ್ಲಿಸೋಕೆ ಕೇಂದ್ರದ ಪರಿಸರ ಸಚಿವಾಲಯ ನಿಯಮ ತಂದಿದ್ದು 2021ರಲ್ಲಿ. ಅಂಗಡೀಲಿ ಪೈಪ್ ಮೇಲೆ ‘ಲೆಡ್ ಫ್ರೀ’ ಅಂತ ಅಚ್ಚು ನೋಡಿರ್ತೀರಿ. ನಿಮ್ಮ ಗೋಡೆಯೊಳಗೆ ಹೂತಿರೋದು ಅದಕ್ಕಿಂತ ಹಳೇದು.

ಮನೆ 140 (8.40)
ಶುಭೋದಯ 🌹🙏

ಕಾರ್ಯದರ್ಶಿ (8.41)
ಗುಡ್ ಮಾರ್ನಿಂಗ್ ಫೋಟೋ, ಹೂವು ಇವತ್ತು ಬೇಡ ದಯವಿಟ್ಟು.

ಕಾರ್ಯದರ್ಶಿ (ಮಧ್ಯಾಹ್ನ 1.05)
ಸಂಬಂಧಪಟ್ಟ ಕಚೇರಿಗೆ ಹೋಗಿ ಬಂದೆ. ಒಂದು ಗಂಟೆ ಕಾದೆ. ಒಂದೇ ಮಾತು: ಮೀಟರ್ ತನಕ ನಮ್ಮ ಜವಾಬ್ದಾರಿ, ಆಮೇಲಿಂದು ನಿಮ್ಮದು. ಸೀಸದ ಟೆಸ್ಟ್ ಬೇಕಾದ್ರೆ ಹೊರಗೆ ಮಾಡಿಸ್ಕೊಳ್ಳಿ. ಹೊರಗೆ ಒಂದು ಸ್ಯಾಂಪಲ್ಲಿಗೆ ಎಷ್ಟು ಕೇಳ್ತಾರೆ ಅಂತ 47ರವರಿಗೆ ಗೊತ್ತು. ಬಡಾವಣೇಲಿ 214 ಮನೆ ಇದೆ.

ಖಜಾಂಚಿ (1.18)
ಸಂಘದ ಖಾತೇಲಿ ಇರೋದು ಬೀದಿ ದೀಪ, ವಾಚ್‌ಮನ್ ಸಂಬಳಕ್ಕೆ. ಕಳೆದ ಗಣೇಶನ ಹಬ್ಬದ ಆರ್ಕೆಸ್ಟ್ರಾ ಬಾಕೀನೇ ಇನ್ನೂ ತೀರಿಲ್ಲ, ಅದು ಬೇರೆ ಮಾತು.

ಮನೆ 34 (1.26)
ಶಾಸಕರ ಅನುದಾನ ಕೇಳೋಣ. ವರ್ಷಕ್ಕೆ 2 ಕೋಟಿ ಇರುತ್ತಲ್ಲ.

ಮನೆ 71 (1.44)
ನಾನು ಲೆಕ್ಕಪತ್ರ ನೋಡ್ತಿದ್ದ ಕೆಲಸದಿಂದ ನಿವೃತ್ತ ಆದೋನು, ಅದಕ್ಕೇ ಹೇಳ್ತೀನಿ. ಇಂಥ ನಿಧೀಲಿ ಬೋರ್‌ವೆಲ್ ಕೊರೆಸಬಹುದು, ಟ್ಯಾಂಕ್ ಕಟ್ಟಿಸಬಹುದು. ನಾಳೆ ತೋರಿಸೋಕೆ ಒಂದು ಆಸ್ತಿ ಇರಬೇಕು, ಬೋರ್ಡ್ ನೆಡೋಕೆ ಜಾಗ ಇರಬೇಕು. ಟೆಸ್ಟ್ ಮಾಡಿಸಿದ್ರೆ ಉಳಿಯೋದು ಕಾಗದ. ಖಾಸಗಿ ಮನೆ ಒಳಗಿನ ಪೈಪಿಗಂತೂ ಕೇಳಲೇಬೇಡಿ. ಜಲ ಜೀವನ್ ಮಿಷನ್ನಲ್ಲಿ ನೀರಿನ ಗುಣಮಟ್ಟಕ್ಕೆ ಅಂತಲೇ ದುಡ್ಡು ತೆಗೆದಿಟ್ಟಿದ್ದಾರೆ, ಆದ್ರೆ ಅದು ಹಳ್ಳಿಗಳಿಗೆ. ನಾವು ಊರೊಳಗೂ ಅಲ್ಲ, ಹಳ್ಳಿಯೂ ಅಲ್ಲ ಅಂತ ಇದ್ದಾಗ ಆ ಯೋಜನೆ ಇರಲಿಲ್ಲ. ಈಗ ಯೋಜನೆ ಇದೆ, ನಾವು ಹಳ್ಳಿಯಾಗಿ ಉಳಿದಿಲ್ಲ.

ಮನೆ 61, ಮಾಲೀಕರು, ನ್ಯೂಜೆರ್ಸಿ (ರಾತ್ರಿ 8.30)
ಇಲ್ಲಿ ಪಕ್ಕದ ನ್ಯೂವಾರ್ಕ್‌ನಲ್ಲಿ ಏನಾಯ್ತು ಹೇಳ್ತೀನಿ. ಅಲ್ಲಿ ರಸ್ತೆಯಿಂದ ಮನೆಗೆ ಬರೋ ಪೈಪೇ ಸೀಸದ್ದು. ಮೊದಲು ಪೈಪ್ ಬದಲಾಯಿಸೋಕೆ ಮನೆಯವರೂ 1,000 ಡಾಲರ್ ತನಕ ಪಾಲು ಹಾಕಬೇಕಿತ್ತು. ಜನ ಮುಂದೆ ಬರ್ಲಿಲ್ಲ. 2019ರಲ್ಲಿ ಕೌಂಟಿಯವರು, ಅಂದ್ರೆ ಇಲ್ಲಿನ ಜಿಲ್ಲಾಡಳಿತ, 12 ಕೋಟಿ ಡಾಲರ್ ಸಾಲಪತ್ರ ಎತ್ತಿ ಎಲ್ಲರಿಗೂ ಬಿಟ್ಟಿ ಮಾಡಿದ್ರು. ಮೂರು ವರ್ಷದೊಳಗೆ ಸುಮಾರು 23,000 ಪೈಪ್ ಬದಲಾದವು. ಇನ್ನೊಂದು ಕಾನೂನೂ ಮಾಡಿದ್ರು: ಮಾಲೀಕರ ಒಪ್ಪಿಗೆಗೆ ಕಾಯೋದು ಬೇಡ, ಬಾಡಿಗೆಯವರು ಬಾಗಿಲು ತೆಗೆದ್ರೆ ಸಾಕು. ಆಮೇಲೆ 2021ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಸೀಸದ ಪೈಪ್ ತೆಗೆಯೋಕೆ ಅಂತ ದೇಶಕ್ಕೆಲ್ಲ ಸೇರಿ 1,500 ಕೋಟಿ ಡಾಲರ್ ಇಟ್ಟಿತು. ನಮ್ಮಲ್ಲೂ ಹಾಗೇ ಒತ್ತಾಯ ಮಾಡ್ಬೇಕು.

ಮನೆ 61, ಬಾಡಿಗೆ (8.34)
ಸಾರ್ ನಮಸ್ತೆ. ನಿಮ್ಮ ಮನೇಲೇ ಇರೋದು ನಾವು. ಅಡುಗೆಮನೆ ನಲ್ಲಿ ಬದಲಾಯಿಸಿ ಅಂತ ದೀಪಾವಳಿಯಿಂದ ಕೇಳ್ತಿದೀವಿ.

ಮನೆ 23 (8.35)
😂

ಮನೆ 61, ಮಾಲೀಕರು, ನ್ಯೂಜೆರ್ಸಿ (9.20)
ಪ್ಲಂಬರ್‌ಗೆ ಹೇಳ್ತೀನಿ. ಬಿಲ್ ಕಳಿಸಿ.

ಮನೆ 88 (9.41)
ನ್ಯೂವಾರ್ಕ್ ಲೆಕ್ಕ ನಮಗೆ ಪೂರ್ತಿ ಹೊಂದಲ್ಲ. ನಮ್ಮ ರಸ್ತೆ ಅಡಿ ಸೀಸದ ಪೈಪ್ ಇಲ್ಲ, ಅಗೆಯೋ ಖರ್ಚಿಲ್ಲ. ತುಂಬಾ ಕಡೆ ಒಂದು ನಲ್ಲಿ, ಎರಡು ಮೀಟರ್ ಪೈಪ್ ಬದಲಾಯಿಸಿದ್ರೆ ಮುಗೀತು, ಅದನ್ನ ಮಾಲೀಕರು ಹಾಕ್ಕೋಬಹುದು. ಯಾವ ಮನೆ ಅಂತ ಹುಡುಕೋದಕ್ಕೇ ಖರ್ಚು. ಆದ್ದರಿಂದ ಅರ್ಜೀಲಿ ಪೈಪ್ ಕೇಳೋದು ಬೇಡ, ಟೆಸ್ಟ್ ಕೇಳೋಣ. ಎಲ್ಲ ಮನೆಗೂ, ಬಾಡಿಗೆ ಮನೆ, ಅಂಗನವಾಡಿ, ಕೊನೆ ಶೆಡ್‌ನಲ್ಲಿರೋ ಕಟ್ಟಡ ಕೆಲಸದವರ ನಲ್ಲಿಗೂ.
ಇನ್ನೊಂದು ವಿಷಯ. ಇಷ್ಟು ವರ್ಷ ಗಡಸು ಬೋರ್ ನೀರು, ಪೈಪ್ ಒಳಗೆ ಬಿಳಿ ಪೊರೆ ಕಟ್ಟಿದೆ. ಈಗ ಬೆಂಗಳೂರಿನ ಕಾವೇರಿ ಐದನೇ ಹಂತದ ಯೋಜನೆಯ ಮೆದು ನೀರು ಬರ್ತಿದೆ. ನೀರು ಬದಲಾದಾಗ ಆ ಪೊರೆ ಎದ್ದರೂ ಏಳಬಹುದು. ಅಮೆರಿಕದ ಫ್ಲಿಂಟ್‌ನಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿ, ತುಕ್ಕು ತಡೆಯೋ ರಾಸಾಯನಿಕ ಹಾಕದೆ ಬಿಟ್ಟಿದ್ದಕ್ಕೇ ಪೈಪಿನ ಸೀಸ ಮನೆಮನೆ ನೀರಿಗೆ ಸೇರಿದ್ದು. ನಮಗೂ ಹಾಗೇ ಆಗುತ್ತೆ ಅಂತ ಹೇಳ್ತಿಲ್ಲ. ಟೆಸ್ಟ್ ಮಾಡೋಕೆ ಇದೇ ಸಮಯ ಅಂತ ಹೇಳ್ತಿದೀನಿ.

ಮನೆ 71 (ಭಾನುವಾರ, 6.50)
ಹಾಗಾದ್ರೆ ಅರ್ಜೀಲಿ ಹೀಗೆ ಬರೆಯೋಣ: ಹೊಸ ಕಾವೇರಿ ಸಂಪರ್ಕ ಪಡೆದ ಮನೆಗಳಲ್ಲಿ ನೀರಿನ ಗುಣಮಟ್ಟದ ಸಮೀಕ್ಷೆ. ಸಮೀಕ್ಷೆ ಅನ್ನೋ ಪದಕ್ಕೆ ಫೈಲಲ್ಲಿ ಜಾಗ ಇರುತ್ತೆ, ‘ಮನೆ ನಲ್ಲಿ ಪರೀಕ್ಷೆ’ ಅಂದ್ರೆ ವಾಪಸ್ ಬರುತ್ತೆ. ಜೊತೆಗೆ ನಾವೇ ಮಾಡಿಸಿದ ಹತ್ತು ಮನೆ ವರದಿ ಲಗತ್ತಿಸಬೇಕು. ಬರಿಗೈಲಿ ಹೋದ್ರೆ ಟೀ ಕೊಟ್ಟು ಕಳಿಸ್ತಾರೆ.

ಖಜಾಂಚಿ (7.10)
ಹತ್ತು ಮನೆಗೆ ಸಂಘದಿಂದ ಅರ್ಧ ಕೊಡ್ತೀವಿ. ಅಂಗನವಾಡಿದು ಪೂರ್ತಿ.

ಮನೆ 47 (7.15)
ನಮ್ಮದು ಆಗಿದೆ, ಆ ದುಡ್ಡು ಶೆಡ್‌ನವರ ನಲ್ಲಿಗೆ ಹಾಕಿ.

ಕಾರ್ಯದರ್ಶಿ (7.40)
ಬುಧವಾರ ಬೆಳಿಗ್ಗೆ 6ಕ್ಕೆ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿನ ಹುಡುಗ ಬಾಟ್ಲಿ ತರ್ತಾನೆ. ಮನೆಗೆ ಮೂರು ಬಾಟ್ಲಿ: ಮೊದಲ ನೀರು, ಐದು ನಿಮಿಷ ಹರಿಸಿದ್ದು, ನೆಲದಡಿ ಸಂಪ್ ತೊಟ್ಟಿಗೆ ಬೀಳೋ ಕಾವೇರಿ ನೀರು. ಮಂಗಳವಾರ ರಾತ್ರಿ 11ರಿಂದ ಅಡುಗೆಮನೆ ನಲ್ಲಿ ಯಾರೂ ಮುಟ್ಟಬಾರದು. ಲೋಟ ತೊಳೆಯೋಕೂ ಇಲ್ಲ.

ಮನೆ 112 (7.52)
ನಮ್ಮತ್ತೆ ನಾಲ್ಕು ಗಂಟೆಗೇ ಎದ್ದು ಕಾಫಿ ಡಿಕಾಕ್ಷನ್‌ಗೆ ನೀರಿಡ್ತಾರೆ. ಎಷ್ಟು ಹೇಳಿದ್ರೂ ಕೇಳಲ್ಲ.

ಮನೆ 88 (7.55)
ರಾತ್ರಿಯೇ ಒಂದು ಚೊಂಬು ನೀರು ತುಂಬಿಟ್ಟು, ನಲ್ಲಿಗೆ ಬಟ್ಟೆ ಸುತ್ತಿ ಗಂಟು ಹಾಕಿಬಿಡಿ.