ಚೀನಾದ ಹಳೆಯ ಜಂಟಿ ಉದ್ಯಮ: ಹೊಸ ನಿಯಮಾವಳಿಗೆ ಸಹಿ ಹಾಕುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ: ಲೆಕ್ಕಪತ್ರ_ವಿಭಾಗ

ಮಾನ್ಯರೇ,

ಯಂತ್ರಗಳ ಬಿಡಿಭಾಗ ತಯಾರಿಸುವ ಭಾರತೀಯ ಕಂಪನಿಯೊಂದರ ಹಣಕಾಸು ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಪೂರ್ವ ಚೀನಾದ ಒಂದು ನಗರದಲ್ಲಿ, ಅಲ್ಲಿನ ಕಂಪನಿಯೊಂದರ ಜೊತೆಗೂಡಿ ನಾವು 2008ರಲ್ಲಿ ಜಂಟಿ ಉದ್ಯಮವೊಂದನ್ನು ಆರಂಭಿಸಿದೆವು. ಅದರಲ್ಲಿ ನಮ್ಮ ಪಾಲು ಶೇ. 30, ಅವರದು ಶೇ. 70. ಈವರೆಗೆ ದೊಡ್ಡ ತಕರಾರುಗಳಿಲ್ಲದೆ ವ್ಯವಹಾರ ನಡೆದಿದೆ.

ಇತ್ತೀಚೆಗೆ ಕಾರ್ಖಾನೆಯನ್ನು ಹೊಸ ಕೈಗಾರಿಕಾ ವಲಯಕ್ಕೆ ಸ್ಥಳಾಂತರಿಸಿ, ವಿಳಾಸ ಬದಲಾವಣೆಗೆಂದು ಅಲ್ಲಿನ ನೋಂದಣಿ ಕಚೇರಿಗೆ ಅರ್ಜಿ ಹಾಕಿದಾಗ, ಅದನ್ನು ಸ್ವೀಕರಿಸಲಾಗದು ಎಂಬ ಉತ್ತರ ಬಂದಿದೆ. ಜಂಟಿ ಉದ್ಯಮದ ಆಡಳಿತ ರಚನೆ ಇನ್ನೂ ಹಳೆಯ ಕಾನೂನಿನಂತೆಯೇ ಇದೆ, ಮೊದಲು ಅದನ್ನು ಸರಿಪಡಿಸಿಕೊಂಡು ಬನ್ನಿ ಎಂಬುದು ಅವರು ಕೊಟ್ಟ ಕಾರಣ. ಇದಾದ ವಾರದೊಳಗೆ ನಮ್ಮ ಪಾಲುದಾರರು ಹೊಸ ನಿಯಮಾವಳಿಯ (ಕಂಪನಿಯ ಆಡಳಿತ ಹೇಗೆ ನಡೆಯಬೇಕು ಎಂದು ಬರೆದ ದಾಖಲೆಯ) ಕರಡೊಂದನ್ನು ಕಳುಹಿಸಿ, ಇದು ಕೇವಲ ಔಪಚಾರಿಕ, ಎಲ್ಲ ಕಂಪನಿಗಳೂ ಬಳಸುವ ಸಿದ್ಧ ನಮೂನೆ, ಬೇಗ ಸಹಿ ಮಾಡಿ ಕಳುಹಿಸಿ ಎಂದು ಕೇಳುತ್ತಿದ್ದಾರೆ. ಹಳೆಯ ನಿಯಮಾವಳಿ ಹಲವು ಹಾಳೆಗಳ ದಪ್ಪ ಪುಸ್ತಕದಂತಿತ್ತು. ಹೊಸದು ಅದರ ಕಾಲು ಭಾಗವೂ ಇಲ್ಲ.

ಇದಲ್ಲದೆ ಇನ್ನೊಂದು ಚಿಂತೆಯೂ ಇದೆ. 2016ರಲ್ಲಿ ನೋಂದಾಯಿತ ಬಂಡವಾಳವನ್ನು (ಷೇರುದಾರರು ಕಟ್ಟುವುದಾಗಿ ಒಪ್ಪಿಕೊಂಡ ಮೊತ್ತವನ್ನು) ಹೆಚ್ಚಿಸಿದಾಗ, ನಮ್ಮ ಪಾಲಿನ ಒಂದು ಭಾಗವನ್ನು ಉದ್ಯಮದ ಅವಧಿ ಮುಗಿಯುವ 2038ರೊಳಗೆ ಯಾವಾಗ ಬೇಕಾದರೂ ಕಟ್ಟಬಹುದು ಎಂದು ಬರೆದುಕೊಂಡಿದ್ದೆವು. ಆ ಹಣವನ್ನು ಈಗಲೇ ಕಟ್ಟಬೇಕಾಗಬಹುದು ಎಂದು ಯಾರೋ ಹೇಳಿದರು. ಆಡಳಿತ ರಚನೆಯನ್ನು ಸರಿಪಡಿಸಿಕೊಳ್ಳುವ ಗಡುವು ಮೀರಿದ್ದರಿಂದ ಕಂಪನಿಯನ್ನೇ ಮುಚ್ಚಿಸುತ್ತಾರೆಯೇ? ಈ ಕರಡಿಗೆ ಸಹಿ ಮಾಡಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಂಪನಿ_ಕಾರ್ಯದರ್ಶಿ

ಮುಚ್ಚಿಸುವ ಭಯ ಬೇಡ. ಏಕೆಂದರೆ ನಿಯಮದಲ್ಲಿ ಹೇಳಿರುವ ಪರಿಣಾಮ ಅದಲ್ಲ.

ವಿದೇಶಿ ಹೂಡಿಕೆಗಳಿಗೆ ಚೀನಾದಲ್ಲಿ ಮೊದಲು ಮೂರು ಪ್ರತ್ಯೇಕ ಕಾನೂನುಗಳಿದ್ದವು: ಬಂಡವಾಳ ಆಧಾರಿತ ಜಂಟಿ ಉದ್ಯಮಗಳಿಗೆ 1979ರದ್ದು, ಸಂಪೂರ್ಣ ವಿದೇಶಿ ಒಡೆತನದ ಕಂಪನಿಗಳಿಗೆ 1986ರದ್ದು, ಒಪ್ಪಂದ ಆಧಾರಿತ ಸಹಕಾರಿ ಉದ್ಯಮಗಳಿಗೆ 1988ರದ್ದು. 2019ರ ಮಾರ್ಚ್‌ನಲ್ಲಿ ಅಂಗೀಕಾರವಾಗಿ 2020ರ ಜನವರಿ 1ರಿಂದ ಜಾರಿಗೆ ಬಂದ ವಿದೇಶಿ ಹೂಡಿಕೆ ಕಾನೂನು ಈ ಮೂರನ್ನೂ ರದ್ದುಮಾಡಿ, ಆಡಳಿತ ರಚನೆಯ ಮಟ್ಟಿಗೆ ವಿದೇಶಿ ಹೂಡಿಕೆಯ ಕಂಪನಿಗಳನ್ನೂ ಸಾಮಾನ್ಯ ಕಂಪನಿ ಕಾನೂನಿನ ಅಡಿಗೆ ತಂದಿತು. ಹಳೆಯ ಉದ್ಯಮಗಳಿಗೆ ಹೊಂದಿಕೊಳ್ಳಲು ಐದು ವರ್ಷಗಳ ಕಾಲಾವಕಾಶವಿತ್ತು. ಅದು 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. ಹಾಗೆ ಹೊಂದಿಕೊಳ್ಳದ ಕಂಪನಿ ಕೇಳುವ ಬೇರೆ ಯಾವ ನೋಂದಣಿಯನ್ನೂ 2025ರ ಜನವರಿ 1ರಿಂದ ಮಾಡಿಕೊಡಬಾರದು, ಆ ಸಂಗತಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು ಎಂದು ಅದರ ಅನುಷ್ಠಾನ ನಿಯಮಗಳಲ್ಲಿ ಬರೆದಿದೆ. ನಿಮ್ಮ ವಿಳಾಸ ಬದಲಾವಣೆಯ ಅರ್ಜಿ ತಡೆಬಿದ್ದಿರುವುದು ಇದೇ ಕಾರಣಕ್ಕೆ.

ಹೀಗಾಗಿ ಕಂಪನಿ ಬದುಕಿರುತ್ತದೆ, ಉತ್ಪಾದನೆ ನಡೆಯುತ್ತದೆ, ಆದರೆ ನೋಂದಣಿ ಪುಸ್ತಕಕ್ಕೆ ಬೀಗ ಬಿದ್ದಿರುತ್ತದೆ. ಕಾನೂನುಬದ್ಧ ಪ್ರತಿನಿಧಿಯನ್ನು (ಕಂಪನಿಯ ಪರವಾಗಿ ಸಹಿ ಮಾಡುವ ವ್ಯಕ್ತಿಯನ್ನು) ಬದಲಿಸುವುದು, ಬಂಡವಾಳವನ್ನು ಹೆಚ್ಚಿಸುವುದು ಅಥವಾ ಇಳಿಸುವುದು, ವ್ಯವಹಾರದ ವ್ಯಾಪ್ತಿಯನ್ನು ವಿಸ್ತರಿಸುವುದು ಯಾವುದೂ ಮುಂದೆ ಸಾಗದು. ಹೊಸ ಜಾಗದಲ್ಲಿ ಯಂತ್ರಗಳು ಓಡುತ್ತಿದ್ದರೂ ವ್ಯವಹಾರ ಪರವಾನಗಿಯ ಮೇಲೆ ಹಳೆಯ ವಿಳಾಸವೇ ಇರುವ ಕಂಪನಿಗೆ ಬ್ಯಾಂಕಿನಲ್ಲಿ, ಕಸ್ಟಮ್ಸ್‌ನಲ್ಲಿ, ತೆರಿಗೆ ಕಚೇರಿಯಲ್ಲಿ ಎಲ್ಲೆಡೆಯೂ ವಿವರಣೆ ಕೊಡುವ ಕೆಲಸ ಅಂಟಿಕೊಳ್ಳುತ್ತದೆ. ಆದ್ದರಿಂದ ಸರಿಪಡಿಸಿಕೊಳ್ಳಲೇಬೇಕು. ಕರಡಿನ ಬಗ್ಗೆ ನನಗಿಂತ ಕಾನೂನು ಬಲ್ಲವರು ಹೇಳುವುದು ಒಳ್ಳೆಯದು.

ಉತ್ತರ: ಒಪ್ಪಂದ_ಓದುಗ

ಸದ್ಯಕ್ಕೆ ಸಹಿ ಮಾಡಬೇಡಿ. ‘ಕೇವಲ ಔಪಚಾರಿಕ’ ಎಂಬ ಮಾತು ನಿಮ್ಮ ಪಾಲುದಾರರ ದೃಷ್ಟಿಯಿಂದ ನಿಜವಿರಬಹುದು, ಶೇ. 30ರ ಪಾಲು ಹೊಂದಿರುವವರಿಗೆ ಈ ಬದಲಾವಣೆಯಲ್ಲಿ ಹೋಗುವುದು ಸಣ್ಣದೇನಲ್ಲ.

ಹಳೆಯ ಜಂಟಿ ಉದ್ಯಮ ಕಾನೂನಿನ ಪ್ರಕಾರ ಕಂಪನಿಯ ಪರಮಾಧಿಕಾರವಿದ್ದದ್ದು ನಿರ್ದೇಶಕ ಮಂಡಳಿಗೆ. ಷೇರುದಾರರ ಸಭೆ ಎಂಬುದೇ ಅಲ್ಲಿರಲಿಲ್ಲ. ನಿಯಮಾವಳಿಯ ತಿದ್ದುಪಡಿ, ಬಂಡವಾಳದ ಏರಿಕೆ ಅಥವಾ ಇಳಿಕೆ, ವಿಲೀನ ಅಥವಾ ವಿಭಜನೆ, ಉದ್ಯಮದ ವಿಸರ್ಜನೆ — ಇವಕ್ಕೆ ಸಭೆಯಲ್ಲಿ ಹಾಜರಿದ್ದ ನಿರ್ದೇಶಕರ ಸರ್ವಾನುಮತ ಬೇಕಿತ್ತು. ಅಂದರೆ ಪಾಲು ಎಷ್ಟೇ ಕಡಿಮೆಯಿದ್ದರೂ ನಿಮ್ಮ ಒಬ್ಬ ನಿರ್ದೇಶಕರು ಬೇಡವೆಂದರೆ ಕೆಲಸ ನಿಲ್ಲುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಪರಮಾಧಿಕಾರ ಷೇರುದಾರರ ಸಭೆಯದು. ಅಲ್ಲಿ ಮತ ಎಣಿಸುವುದು ಸಾಮಾನ್ಯವಾಗಿ ಬಂಡವಾಳದ ಪ್ರಮಾಣದ ಮೇಲೆ. ಮೇಲಿನ ವಿಷಯಗಳಿಗೆ ಬೇಕಾಗುವುದು ಮೂರನೇ ಎರಡರಷ್ಟು ಮತ. ಶೇ. 70 ಎಂಬುದು ಮೂರನೇ ಎರಡಕ್ಕಿಂತ ಹೆಚ್ಚು, ಅಂದರೆ ನಿಮ್ಮ ಮತವಿಲ್ಲದೆಯೇ ಅವರು ಇವನ್ನು ಅಂಗೀಕರಿಸಬಹುದು. ನಿಮ್ಮ ಪಾಲು ಶೇ. 34 ಆಗಿದ್ದರೆ ಈ ಉತ್ತರವನ್ನು ನಾನು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ.

ಮಂಡಳಿಯ ಮಟ್ಟದಲ್ಲೂ ಹಿಡಿತ ಸಡಿಲವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಪರಿಷ್ಕೃತ ಕಂಪನಿ ಕಾನೂನಿನಂತೆ ಅರ್ಧಕ್ಕಿಂತ ಹೆಚ್ಚು ನಿರ್ದೇಶಕರು ಸೇರಿದರೆ ಸಭೆ ನಡೆಯುತ್ತದೆ, ಒಟ್ಟು ನಿರ್ದೇಶಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಪ್ಪಿದರೆ ನಿರ್ಣಯ ಅಂಗೀಕಾರವಾಗುತ್ತದೆ.

ಆದರೆ ಈ ಅಂಕಿಗಳು ಕನಿಷ್ಠ ಮಿತಿಗಳು ಮಾತ್ರ. ನಿಯಮಾವಳಿಯಲ್ಲಿ ಅದಕ್ಕಿಂತ ಹೆಚ್ಚಿನ ಮತಪ್ರಮಾಣವನ್ನು ಬರೆದುಕೊಳ್ಳಲು ಅಡ್ಡಿಯಿಲ್ಲ. ತಿದ್ದುಪಡಿ, ಬಂಡವಾಳ, ವಿಲೀನ, ವಿಸರ್ಜನೆಗಳಿಗೆ ‘ಎಲ್ಲ ಷೇರುದಾರರ ಒಪ್ಪಿಗೆ’ ಅಥವಾ ‘ನಾಲ್ಕನೇ ಮೂರರಷ್ಟು ಮತ’ ಎಂದು ಬರೆಸಿದರೆ ನಿಮ್ಮ ತಡೆಯಧಿಕಾರ ಉಳಿಯುತ್ತದೆ. ಇದನ್ನು ಕೇಳಲು ಈಗಿನಷ್ಟು ಒಳ್ಳೆಯ ಸಮಯ ಮತ್ತೆ ಬಾರದು. ಹೊಸ ನಿಯಮಾವಳಿಯೂ ಹಳೆಯದರ ತಿದ್ದುಪಡಿಯೇ ಆಗಿರುವುದರಿಂದ ಅದನ್ನು ಅಂಗೀಕರಿಸಲು ಹಳೆಯ ನಿಯಮದ ಸರ್ವಾನುಮತವನ್ನೇ ಅವರು ಪಡೆಯಬೇಕು. ಬೀಗ ತೆಗೆಯಲು ಅವರಿಗೆ ನಿಮ್ಮ ಕೈ ಬೇಕಾಗಿದೆ. ಒಮ್ಮೆ ಸಿದ್ಧ ನಮೂನೆಗೆ ಸಹಿ ಬಿದ್ದರೆ ಮುಂದಿನ ತಿದ್ದುಪಡಿಗೆ ನಿಮ್ಮನ್ನು ಕೇಳಬೇಕಾದ ಅಗತ್ಯವೇ ಅವರಿಗಿರುವುದಿಲ್ಲ.

ಮಂಡಳಿಯಲ್ಲಿ ಒಟ್ಟು ಎಷ್ಟು ನಿರ್ದೇಶಕರಿದ್ದಾರೆ, ನಿಮ್ಮವರು ಎಷ್ಟು ಎಂಬುದನ್ನು ತಿಳಿಸುವಿರಾ? ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಬಗ್ಗೆ ನಿಯಮಾವಳಿಯಲ್ಲಿ ಏನಿದೆ ಎಂಬುದನ್ನೂ ನೋಡಿ.

ಲೆಕ್ಕಪತ್ರ_ವಿಭಾಗ

ಒಟ್ಟು ಆರು ನಿರ್ದೇಶಕರು. ನಾಲ್ವರು ಅವರ ಕಡೆಯವರು, ಇಬ್ಬರು ನಮ್ಮವರು. ಮೂರನೇ ಎರಡರಷ್ಟು ನಿರ್ದೇಶಕರು ಹಾಜರಿದ್ದರೆ ಸಭೆ ನಡೆಯಬಹುದು ಎಂದು ಬರೆದಿದೆ. ನಿರ್ದೇಶಕ ಮಂಡಳಿಯ ಸಭೆಗೆಂದು ನೋಟಿಸೂ ಬಂದಿದೆ. ಒಪ್ಪಿಗೆಯಿಲ್ಲದಿದ್ದರೆ ಹೋಗದೇ ಇದ್ದುಬಿಡೋಣ ಎಂದು ನಮ್ಮ ಹಿರಿಯ ಅಧಿಕಾರಿಗಳು ಹೇಳುತ್ತಿದ್ದಾರೆ.

ಉತ್ತರ: ಒಪ್ಪಂದ_ಓದುಗ

ಹೋಗದೇ ಇರುವುದೊಂದನ್ನು ಮಾತ್ರ ಮಾಡಬೇಡಿ. ಆರರಲ್ಲಿ ಮೂರನೇ ಎರಡು ಎಂದರೆ ನಾಲ್ಕು, ಆ ನಾಲ್ವರೂ ಅವರ ಬಳಿಯೇ ಇದ್ದಾರೆ. ನಿಮ್ಮ ಇಬ್ಬರು ಗೈರುಹಾಜರಾದರೆ ಕೋರಂ ತುಂಬುತ್ತದೆ, ಹಾಜರಿದ್ದವರ ಸರ್ವಾನುಮತವೂ ಸಿಕ್ಕಿಬಿಡುತ್ತದೆ. ಸರ್ವಾನುಮತ ಎಂಬ ಪದದ ಹಿಂದಿರುವ ‘ಹಾಜರಿದ್ದ’ ಎಂಬ ಪದವನ್ನು ಗಮನಿಸದೆ ಸಭೆಯನ್ನು ಬಹಿಷ್ಕರಿಸಿದವರು ತಮ್ಮ ತಡೆಯಧಿಕಾರವನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ. ನಿರ್ದೇಶಕರು ಖುದ್ದಾಗಿ ಹೋಗಲಾಗದಿದ್ದರೆ ಲಿಖಿತ ಅಧಿಕಾರಪತ್ರ ಕೊಟ್ಟು ಬೇರೊಬ್ಬರನ್ನು ಕಳುಹಿಸಬಹುದು ಎಂದು ಹಳೆಯ ನಿಯಮವೇ ಹೇಳುತ್ತದೆ. ನಿಮ್ಮ ನಿಯಮಾವಳಿಯಲ್ಲಿಯೂ ಆ ಸಾಲು ಇರಬೇಕು. ಸಭೆಗೆ ಹೋಗಿ, ವಿರೋಧ ಮತವನ್ನು ನಡಾವಳಿಯಲ್ಲಿ ದಾಖಲಿಸಿ, ಅದೇ ಸಭೆಯಲ್ಲಿ ನಿಮ್ಮದೇ ಕರಡನ್ನು ಮೇಜಿನ ಮೇಲಿಡಿ.

ಇನ್ನೊಂದು ಸಂಗತಿ. ಕಾರ್ಖಾನೆಯಲ್ಲಿ 300ಕ್ಕೂ ಹೆಚ್ಚು ನೌಕರರಿದ್ದು, ನೌಕರ ಪ್ರತಿನಿಧಿಯಿರುವ ಮೇಲ್ವಿಚಾರಕ ಮಂಡಳಿ (ನಿರ್ದೇಶಕರ ಕೆಲಸದ ಮೇಲೆ ಕಣ್ಣಿಡುವ ಪ್ರತ್ಯೇಕ ಮಂಡಳಿ) ಇಲ್ಲದಿದ್ದರೆ, ನಿರ್ದೇಶಕ ಮಂಡಳಿಯಲ್ಲಿ ನೌಕರರ ಪ್ರತಿನಿಧಿಯೊಬ್ಬರು ಇರಲೇಬೇಕು. ಆ ಸ್ಥಾನ ಯಾರ ಲೆಕ್ಕದಿಂದ ಹೋಗುತ್ತದೆ ಎಂಬುದನ್ನು ಈಗಲೇ ಮಾತನಾಡಿಕೊಳ್ಳಿ.

ಉತ್ತರ: ಹಳೇ_ಪಾಲುದಾರ

ಒಪ್ಪಂದ_ಓದುಗರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅವರ ಧಾಟಿಯನ್ನು ಪೂರ್ತಿಯಾಗಿ ಒಪ್ಪಲಾರೆ. ನೋಂದಣಿ ತಡೆಬಿದ್ದಿರುವ ಕಂಪನಿಯಲ್ಲಿ ಶೇ. 30ರಷ್ಟು ನಷ್ಟ ನಿಮ್ಮದೂ ಹೌದು. ಹಟ ಹಿಡಿದು ಕೂತರೆ ಮುಂದೆ ಪ್ರತಿಯೊಂದು ಸಣ್ಣ ಕೆಲಸಕ್ಕೂ ಪಾಲುದಾರರ ಮುಖ ನೋಡುವ ಪರಿಸ್ಥಿತಿ ಬರುತ್ತದೆ. ಜಂಟಿ ಉದ್ಯಮ ನಡೆಯುವುದು ಕಾಗದದ ಬಲದಿಂದಷ್ಟೇ ಅಲ್ಲ. ಕಂಪನಿಯ ಹೆಸರಿನಲ್ಲಿ ಕಾಗದಪತ್ರಗಳಿಗೆ ಒತ್ತುವ ಮೊಹರು ಯಾರ ಕಪಾಟಿನಲ್ಲಿದೆ ಎಂಬುದು ಅಲ್ಲಿ ಎಷ್ಟೋ ಬಾರಿ ಮತಗಳ ಎಣಿಕೆಗಿಂತ ದೊಡ್ಡ ಪ್ರಶ್ನೆಯಾಗುತ್ತದೆ. ನಿಯಮಾವಳಿಯ ಮಾತುಕತೆಯ ಜೊತೆಗೇ ಮೊಹರಿನ ಬಳಕೆಗೆ ಎರಡೂ ಕಡೆಯ ಸಹಿ ಬೇಕು ಎಂಬ ಪದ್ಧತಿಯನ್ನು ಕೇಳಿ ನೋಡಿ; ಅದು ಸಿಕ್ಕರೆ ನಾಲ್ಕನೇ ಮೂರರಷ್ಟು ಮತಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಲ್ಲವೂ ಕೈಬಿಟ್ಟು ಹೋಗುತ್ತದೆ ಎಂದೂ ಇಲ್ಲ. ಪಾಲು ವರ್ಗಾವಣೆಯ ವಿಧಾನ, ಲಾಭ ಹಂಚಿಕೆ, ವಿಸರ್ಜನೆಯ ನಂತರ ಉಳಿದ ಆಸ್ತಿಯ ಹಂಚಿಕೆ — ಈ ಮೂರರ ಬಗ್ಗೆ ಮೂಲ ಒಪ್ಪಂದದಲ್ಲಿ ಬರೆದುಕೊಂಡದ್ದನ್ನು ಉದ್ಯಮದ ಅವಧಿ ಮುಗಿಯುವವರೆಗೂ ಪಾಲಿಸಬಹುದು ಎಂದು ಅನುಷ್ಠಾನ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಹೊಸ ಕಂಪನಿ ಕಾನೂನು ಅಲ್ಪಪಾಲಿನ ಷೇರುದಾರರಿಗೆ ಕೊಟ್ಟಿರುವುದೂ ಇದೆ: ಲೆಕ್ಕದ ಪುಸ್ತಕಗಳಷ್ಟೇ ಅಲ್ಲದೆ ಅವುಗಳ ಹಿಂದಿನ ವೋಚರುಗಳನ್ನೂ ನೋಡುವ ಹಕ್ಕು, ಮತ್ತು ನಿಯಂತ್ರಣ ಹೊಂದಿದ ಷೇರುದಾರರು ಅಧಿಕಾರವನ್ನು ದುರುಪಯೋಗ ಮಾಡಿ ತೀವ್ರ ಹಾನಿ ಮಾಡಿದರೆ ನ್ಯಾಯಬೆಲೆಗೆ ತಮ್ಮ ಪಾಲನ್ನು ಕೊಳ್ಳುವಂತೆ ಕಂಪನಿಯನ್ನು ಕೇಳುವ ಹಕ್ಕು. ಹಣಕಾಸು ವಿಭಾಗದವರಾದ ನಿಮಗೆ ಮೊದಲನೆಯದರ ಬೆಲೆ ನಾನು ಹೇಳಬೇಕಾಗಿಲ್ಲ.

ಉತ್ತರ: ಕಂಪನಿ_ಕಾರ್ಯದರ್ಶಿ

ಬಾಕಿ ಬಂಡವಾಳದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಹೊಸ ಕಂಪನಿ ಕಾನೂನಿನಂತೆ ಸೀಮಿತ ಹೊಣೆಗಾರಿಕೆಯ ಕಂಪನಿಯ ಷೇರುದಾರರು ಒಪ್ಪಿಕೊಂಡ ಬಂಡವಾಳವನ್ನು ಐದು ವರ್ಷಗಳೊಳಗೆ ಕಟ್ಟಿ ಮುಗಿಸಬೇಕು. ಆ ಕಾನೂನು ಜಾರಿಗೆ ಬರುವ ಮೊದಲೇ ನೋಂದಣಿಯಾದ ಕಂಪನಿಗಳಿಗೆ ಹೊಂದಿಕೊಳ್ಳಲು ಸಮಯ ಕೊಟ್ಟಿದ್ದಾರೆ: 2027ರ ಜುಲೈ 1ರಿಂದ ಎಣಿಸಿದಾಗ ಉಳಿದ ಅವಧಿ ಐದು ವರ್ಷ ಮೀರುವಂತಿದ್ದರೆ, 2027ರ ಜೂನ್ 30ರೊಳಗೆ ಅದನ್ನು ಐದು ವರ್ಷಕ್ಕೆ ಇಳಿಸಿ ನಿಯಮಾವಳಿಯಲ್ಲಿ ಬರೆಯಬೇಕು. ನಿಮ್ಮ 2038ರ ಗಡುವು ಹೀಗೆ ಹೆಚ್ಚೆಂದರೆ 2032ರ ಜೂನ್ 30ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಈಗಲೇ ಕಟ್ಟಬೇಕೆಂಬುದು ಸರಿಯಲ್ಲ. ಆದರೆ ನಿಯಮಾವಳಿಯನ್ನು ಹೇಗೂ ತಿದ್ದುತ್ತಿರುವುದರಿಂದ ಈ ದಿನಾಂಕವನ್ನೂ ಅದರಲ್ಲೇ ಸೇರಿಸಿಬಿಟ್ಟರೆ ಇನ್ನೊಮ್ಮೆ ಅದೇ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಪಾಲುದಾರರ ಕರಡಿನಲ್ಲಿ ಯಾವ ದಿನಾಂಕ ಹಾಕಿದ್ದಾರೆ ಎಂಬುದನ್ನು ಮೊದಲು ನೋಡಿ. ಕಾನೂನು 2032ರವರೆಗೆ ಬಿಟ್ಟಿರುವಾಗ ಸಿದ್ಧ ನಮೂನೆಯೊಂದು ಅದಕ್ಕಿಂತ ಹತ್ತಿರದ ದಿನಾಂಕಕ್ಕೆ ನಿಮ್ಮನ್ನು ಕಟ್ಟಿಹಾಕಬಾರದು.

ಗಡುವು ದೂರವಿದೆ ಎಂದು ಪೂರ್ತಿ ನಿಶ್ಚಿಂತರಾಗಿರುವಂತೆಯೂ ಇಲ್ಲ. ಕಂಪನಿ ತನ್ನ ಸಾಲವನ್ನು ಸಕಾಲಕ್ಕೆ ತೀರಿಸಲಾಗದೆ ಹೋದರೆ, ಗಡುವಿಗೆ ಮೊದಲೇ ಬಾಕಿ ಬಂಡವಾಳವನ್ನು ಕಟ್ಟುವಂತೆ ಕಂಪನಿಯಾಗಲಿ, ಅದಕ್ಕೆ ಸಾಲ ಕೊಟ್ಟವರಾಗಲಿ ಷೇರುದಾರರನ್ನು ಕೇಳಬಹುದು. ಗಡುವು ಮೀರಿದ ಮೇಲೆ ಮಂಡಳಿ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 60 ದಿನಗಳ ಅವಕಾಶದ ನಂತರವೂ ಹಣ ಬಾರದಿದ್ದರೆ ಆ ಭಾಗದ ಹಕ್ಕನ್ನೇ ಕಳೆಯಬಹುದು. ಹಾಗೆ ನೋಟಿಸ್ ಕೊಡದೆ ಕಂಪನಿಗೆ ನಷ್ಟ ಮಾಡಿದ ನಿರ್ದೇಶಕರೂ ಹೊಣೆಗಾರರಾಗುತ್ತಾರೆ. ನಿಮ್ಮ ಇಬ್ಬರು ನಿರ್ದೇಶಕರಿಗೆ ಇದನ್ನು ತಿಳಿಸಿ.

ಬಾಕಿ ಹಣ ಕಟ್ಟುವುದು ಬೇಡವೆನಿಸಿದರೆ ಬಂಡವಾಳವನ್ನು ಇಳಿಸುವ ದಾರಿಯಿದೆ. ನಿರ್ಣಯವಾದ 10 ದಿನಗಳೊಳಗೆ ಸಾಲ ಕೊಟ್ಟವರಿಗೆ ತಿಳಿಸಿ, 30 ದಿನಗಳೊಳಗೆ ಪ್ರಕಟಣೆ ಹೊರಡಿಸಬೇಕು. ಅವರು ತಮ್ಮ ಹಣವನ್ನೋ ಭದ್ರತೆಯನ್ನೋ ಕೇಳಬಹುದು. ಆದರೆ ಇದಕ್ಕೂ ನೋಂದಣಿ ಬೇಕು. ಅಂದರೆ ಬೀಗ ತೆಗೆಸುವವರೆಗೆ ಈ ದಾರಿಯೂ ಮುಚ್ಚಿದೆ.

ಉತ್ತರ: ಹೂಡಿಕೆ_ಹಿಂಪಡೆ

ಇಷ್ಟೆಲ್ಲ ತಲೆನೋವು ಏಕೆ? ಪಾಲನ್ನು ಮಾರಿ ಹೊರಬನ್ನಿ, ಇಲ್ಲವೇ ಅವರ ಪಾಲನ್ನೂ ಕೊಂಡುಕೊಳ್ಳಿ. 2024ರ ನವೆಂಬರ್ 1ರಿಂದ ಜಾರಿಗೆ ಬಂದ ವಿದೇಶಿ ಹೂಡಿಕೆಗೆ ನಿರ್ಬಂಧವಿರುವ ಕ್ಷೇತ್ರಗಳ ಚೀನಾದ ರಾಷ್ಟ್ರೀಯ ಪಟ್ಟಿಯಲ್ಲಿ ತಯಾರಿಕಾ ವಲಯದ ಕೊನೆಯ ಎರಡು ನಿರ್ಬಂಧಗಳನ್ನೂ ತೆಗೆದಿದ್ದಾರೆ. ಕಾರ್ಖಾನೆ ನಡೆಸಲು ಸ್ಥಳೀಯ ಪಾಲುದಾರರು ಕಡ್ಡಾಯ ಎಂಬ ಕಾಲ ಮುಗಿಯಿತು.

ಉತ್ತರ: ಒಪ್ಪಂದ_ಓದುಗ

ಕೊಳ್ಳುವುದು ಸಾಧ್ಯವಿದ್ದರೆ ಒಳ್ಳೆಯದೇ, ಆದರೆ ಶೇ. 70ರ ಒಡೆಯರು ಮಾರಲು ಕಾಯುತ್ತಿದ್ದಾರೆ ಎನ್ನಲು ಪ್ರಶ್ನೆಯಲ್ಲಿ ಯಾವ ಸೂಚನೆಯೂ ಇಲ್ಲ. ಮಾರುವುದಾದರೆ ಒಂದು ಎಚ್ಚರಿಕೆ: ಗಡುವು ಬಾರದ ಬಾಕಿ ಬಂಡವಾಳವಿರುವ ಪಾಲನ್ನು ಮಾರಿದಾಗ ಕಟ್ಟುವ ಹೊಣೆ ಕೊಂಡವರದ್ದಾಗುತ್ತದೆ, ಆದರೆ ಅವರು ಕಟ್ಟದಿದ್ದರೆ ಕೊರತೆಯನ್ನು ತುಂಬಿಕೊಡುವ ಹೊಣೆ ಮಾರಿದವರ ಮೇಲೆಯೇ ಉಳಿಯುತ್ತದೆ. ಕೊಳ್ಳುವವರ ಜೇಬು ನೋಡದೆ ಮಾರಿದರೆ ಹೊರಬಂದಂತಾಗುವುದಿಲ್ಲ.

ಕೊನೆಗೆ ಕಾಗದಪತ್ರಗಳ ವಿಷಯ. 2023ರ ನವೆಂಬರ್ 7ರಿಂದ ಚೀನಾ ಅಪಾಸ್ಟಿಲ್ ಒಡಂಬಡಿಕೆಯ (ಒಂದೇ ಪ್ರಮಾಣಪತ್ರದಿಂದ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವ ವ್ಯವಸ್ಥೆಯ) ಸದಸ್ಯ ರಾಷ್ಟ್ರವಾಗಿದ್ದರೂ ಭಾರತ ಮತ್ತು ಚೀನಾ ನಡುವೆ ಆ ಒಡಂಬಡಿಕೆ ಅನ್ವಯಿಸುವುದಿಲ್ಲ. ನಿಮ್ಮ ಕಂಪನಿಯ ಅಧಿಕಾರಪತ್ರಕ್ಕೆ ನೋಟರಿ, ವಿದೇಶಾಂಗ ಸಚಿವಾಲಯದ ದೃಢೀಕರಣ, ನಂತರ ಚೀನಾ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನ ದೃಢೀಕರಣ ಎಂಬ ಹಳೆಯ ಸರಪಳಿಯೇ ಬೇಕಾಗಬಹುದು. ನೋಂದಣಿ ಕಚೇರಿ ಯಾವ ರೂಪದ ಪತ್ರವನ್ನು ಒಪ್ಪುತ್ತದೆ ಎಂಬುದನ್ನು ಅಲ್ಲಿನ ವಕೀಲರಿಂದ ಮೊದಲೇ ಬರೆಸಿಕೊಂಡು, ಸಭೆಯ ದಿನಾಂಕವನ್ನು ಅದಕ್ಕೆ ತಕ್ಕಂತೆ ಮುಂದೂಡಲು ಈ ವಾರವೇ ಪತ್ರ ಬರೆಯಿರಿ.

ಲೆಕ್ಕಪತ್ರ_ವಿಭಾಗ

ಎಲ್ಲರಿಗೂ ಕೃತಜ್ಞತೆಗಳು. ಕರಡನ್ನು ಮತ್ತೆ ಓದಿದೆ. ಬಾಕಿ ಬಂಡವಾಳವನ್ನು ಮುಂದಿನ ವರ್ಷದ ಕೊನೆಯೊಳಗೆ ಕಟ್ಟಬೇಕು ಎಂಬ ಸಾಲು ಬಂಡವಾಳದ ಅಧ್ಯಾಯದಲ್ಲಿರದೆ ಕೊನೆಯ ‘ಇತರ ವಿಷಯಗಳು’ ಎಂಬ ಭಾಗದಲ್ಲಿದೆ. ಸಭೆಯನ್ನು ಮುಂದೂಡುವಂತೆ ಪತ್ರ ಸಿದ್ಧವಾಗುತ್ತಿದೆ. ನಮ್ಮ ಇಬ್ಬರು ನಿರ್ದೇಶಕರೂ ಹಾಜರಾಗಲು ಒಪ್ಪಿದ್ದಾರೆ.